ಅತ್ತರೆ ಸಾಲದು: ಪಾತ್ರವೊಂದನ್ನು ತಿದ್ದಿದ ನನ್ನ ಅನುಭವ

ನನ್ನ ಕಾದಂಬರಿಯ ನಾಯಕ ಅಣ್ಣನ ಸಹಿ ನಕಲು ಮಾಡಿ, ಅವನ ಪಾಲಿನ ಮನೆ ಮಾರಿದವನು. ಕೊನೆಗೆ ಅವನು ಬದಲಾಗಬೇಕು ಅನ್ನೋದು ಮೊದಲಿನಿಂದಲೂ ನನ್ನ ಆಸೆ. ಮೊದಲ ಕರಡಿನಲ್ಲಿ ಅವನು ಅಣ್ಣನ ಕಾಲಿಗೆ ಬಿದ್ದು ಮೂರು ಪುಟ ಅತ್ತ. ಅಣ್ಣ ಎಬ್ಬಿಸಿ ತಬ್ಬಿಕೊಂಡ. ಬರೆಯುವಾಗ ನನ್ನ ಕಣ್ಣೂ ತುಂಬಿತ್ತು.

ಓದಿದ ಗೆಳತಿ ಕೇಳಿದಳು: "ಅವನು ಅತ್ತ, ನೀನು ಕರಗಿದೆ, ಸರಿ. ಅಣ್ಣ ಯಾಕೆ ಕರಗಬೇಕು?"

ಉತ್ತರ ಇರಲಿಲ್ಲ. ಎರಡು ತಿಂಗಳು ಆ ಕರಡು ಮುಟ್ಟಲಿಲ್ಲ.

ಆಗ ವಿಕ್ಟರ್ ಹ್ಯೂಗೋನ ಫ್ರೆಂಚ್ ಕಾದಂಬರಿ 'ಲೆ ಮಿಸರಾಬ್ಲ್' (1862) ಮತ್ತೆ ಓದಿದೆ. 19 ವರ್ಷ ಜೈಲಿನಲ್ಲಿದ್ದು ಬಂದ ಜಾನ್ ವಾಲ್‌ಜಾನ್‌ಗೆ ಬಿಷಪ್, ಅವನು ತನ್ನ ಮನೆಯಿಂದಲೇ ಕದ್ದ ಬೆಳ್ಳಿ ಸಾಮಾನು ಕೊಟ್ಟು ಕಳಿಸುತ್ತಾನೆ. ಅದು ಎಲ್ಲರಿಗೂ ನೆನಪಿರುತ್ತದೆ ಅಲ್ವಾ? ನಾನು ಮರೆತಿದ್ದು ಅದಾದ ಮೇಲಿನದು. ದಾರಿಯಲ್ಲಿ ಒಬ್ಬ ಹುಡುಗನ 40 ಸೂ (ಫ್ರಾನ್ಸಿನ ಹಳೇ ಚಿಲ್ಲರೆ ಹಣ) ನಾಣ್ಯ ಉರುಳಿ ಬರುತ್ತದೆ, ವಾಲ್‌ಜಾನ್ ಅದರ ಮೇಲೆ ಕಾಲಿಟ್ಟು ಹುಡುಗನನ್ನು ಗದರಿ ಓಡಿಸುತ್ತಾನೆ. ಅಷ್ಟು ದೊಡ್ಡ ಕರುಣೆ ಪಡೆದ ಮೇಲೂ! ಮುಂದೆ ಅವನು ಮದಲೇನ್ ಅನ್ನೋ ಹೆಸರಲ್ಲಿ ಮೇಯರ್ ಆಗುತ್ತಾನೆ, ಜನ ಗೌರವಿಸುತ್ತಾರೆ. ಅಷ್ಟರಲ್ಲಿ ಬೇರೆ ಯಾರನ್ನೋ ವಾಲ್‌ಜಾನ್ ಅಂತ ಹಿಡಿದು ಕೋರ್ಟಿಗೆ ತಂದಾಗ, ತಾನೇ ಹೋಗಿ "ವಾಲ್‌ಜಾನ್ ನಾನು" ಅಂತಾನೆ. ಕಷ್ಟಪಟ್ಟು ಗಳಿಸಿದ ಒಳ್ಳೆಯ ಹೆಸರನ್ನೇ ಬಿಟ್ಟುಕೊಡುತ್ತಾನೆ. ಅಲ್ಲಿಗೆ ನನಗೆ ದಾರಿ ಸಿಕ್ಕಿತು. ನನ್ನವನು ಏನನ್ನೂ ಕಳೆದುಕೊಂಡೇ ಇರಲಿಲ್ಲ.

ಇನ್ನೊಂದು ಮಾತು. ತಾನು ಯಾರು ಅಂತ ಗೊತ್ತಾದ ತಕ್ಷಣ ಮನುಷ್ಯ ಬದಲಾಗಿಬಿಡಲ್ಲ. ಕೃಷ್ಣ ಹುಟ್ಟಿನ ಗುಟ್ಟು ಹೇಳಿದ ಮೇಲೂ ಕರ್ಣ ಪಕ್ಷ ಬದಲಿಸಲಿಲ್ಲ. ಹಾಗಾಗಿ ನನ್ನವನಿಗೆ ದಿಢೀರ್ ಅರಿವು ಮೂಡುವ ಅಧ್ಯಾಯವನ್ನೂ ತೆಗೆದುಹಾಕಿದೆ.

ಅಳುವ ಮೂರು ಪುಟ ಹೋಯಿತು. ಅವನು ತಪ್ಪೊಪ್ಪಿಗೆ ಬರೆದುಕೊಡುವ ದೃಶ್ಯ ಬಂತು. ಕೊಟ್ಟರೆ ಕೆಲಸ ಹೋಗುತ್ತದೆ, ಅದು ಅವನಿಗೆ ಗೊತ್ತು. ಮೊದಲ ಸಲ ಬರೆದು ಹರಿದು ಹಾಕುತ್ತಾನೆ, ಮರುದಿನ ಮತ್ತೆ ಅದೇ ಹಳೇ ಸುಳ್ಳು ಹೇಳುತ್ತಾನೆ. ಎರಡನೇ ಸಲ ಪೂರ್ತಿ ಬರೆದು ಸಹಿಗೆ ಪೆನ್ನು ಇಟ್ಟಾಗ, ವರ್ಷಗಟ್ಟಲೆ ಅಭ್ಯಾಸವಾದ ಕೈ ತಾನಾಗಿ ಅಣ್ಣನ ಹೆಸರಿನ ಮೊದಲ ಅಕ್ಷರ ಬರೆದುಬಿಡುತ್ತದೆ, ಅದೇ ಬಾಗು, ಕೊನೆಯಲ್ಲಿ ಅದೇ ಕೊಕ್ಕೆ. ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ತನ್ನ ಹೆಸರು ಬರೆಯುತ್ತಾನೆ, ಮಗು ಅಕ್ಷರ ಕಲಿಯುವ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ.

ಈ ನಾಲ್ಕು ಸಾಲಿಗೆ ನನಗೆ ಹನ್ನೊಂದು ದಿನ ಹಿಡಿಯಿತು.

ಅಣ್ಣನ ಬಾಯಲ್ಲಿ ಕ್ಷಮೆಯ ಮಾತು ಇಡಲೇ ಇಲ್ಲ. ಅವನು ಕಾಗದ ತಗೊಂಡು ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ. ಹೊಡೆದುಹಾಕಿದ ಆ ಅಕ್ಷರವನ್ನು ತುಂಬಾ ಹೊತ್ತು ನೋಡುತ್ತಾನೆ. ಆಮೇಲೆ, "ಕೂತ್ಕೋ" ಅಂತಾನೆ.