ಬಂಡೀಪುರದ ಗೇಟಿಗೂ ಮೊದಲೇ ಹಾಕಿದ ಬೇಲಿ

ಮೈಸೂರು, ಗುಂಡ್ಲುಪೇಟೆಗಳಿಂದ ತರಕಾರಿ ತುಂಬಿ ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ ಹೋಗುವ ನಮ್ಮ ಹತ್ತು-ಹನ್ನೆರಡು ಲಾರಿಗಳಿಗೆ ಜಿಯೋಫೆನ್ಸ್ (ನಕ್ಷೆಯ ಮೇಲೆ ಎಳೆದ ಬೇಲಿ, ಜಿಪಿಎಸ್ ಸಾಧನವಿರುವ ಲಾರಿ ಅದನ್ನು ದಾಟಿದರೆ ಅಲರ್ಟ್ ಬರುತ್ತದೆ) ಹಾಕಿಸುತ್ತೇನೆ ಎಂದಾಗ ಇದೇ ದಾರಿಯ ಇತರ ಮಾಲೀಕರು ನಕ್ಕಿದ್ದರು. ಕಾಡಿನಲ್ಲಿ ನೆಟ್‌ವರ್ಕೇ ಸಿಗುವುದಿಲ್ಲ, ಅಲರ್ಟ್ ಬರುವುದೆಲ್ಲಿಂದ ಎಂಬುದು ಅವರ ವಾದ. ಅದು ಸರಿಯೇ, ಆದರೆ ಬೇಲಿಯನ್ನು ಕಾಡಿನಲ್ಲೇ ಹಾಕಬೇಕೆಂಬ ನಿಯಮವೇನೂ ಇಲ್ಲವಲ್ಲ.

ರಾಷ್ಟ್ರೀಯ ಹೆದ್ದಾರಿ 766ರ ಬಂಡೀಪುರದ ಭಾಗದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಗೇಟು ತಪ್ಪಿದರೆ ಬೆಳಗಿನ ಮಾರುಕಟ್ಟೆ ತಪ್ಪುತ್ತದೆ. ಟೊಮೆಟೊ ದರದ ಇಳಿಕೆ, ಬಾಟಾ, ಕೈತಪ್ಪಿದ ವಾಪಸು ಲೋಡು ಎಲ್ಲ ಸೇರಿ ನಾಲ್ಕೈದು ಸಾವಿರ ಹೋದಂತೆಯೇ. ಹುಣಸೂರು, ಗೋಣಿಕೊಪ್ಪ, ಕುಟ್ಟ, ಮಾನಂದವಾಡಿ ಸುತ್ತಿ ಹೋದರೆ ಡೀಸೆಲ್ಲೇ ಲಾಭವನ್ನು ನುಂಗುತ್ತದೆ. ಹೀಗಾಗಿ ಎಂಟೂವರೆಯ ಹೊತ್ತಿಗೆ ಗುಂಡ್ಲುಪೇಟೆಯಿಂದ ಗೇಟಿರುವ ಮದ್ದೂರು ಚೆಕ್‌ಪೋಸ್ಟಿನವರೆಗೆ ಚಾಲಕರು ಲಾರಿಯನ್ನು ಹಾರಿಸಿಕೊಂಡು ಹೋಗುತ್ತಿದ್ದರು. ಹಣಕ್ಕಿಂತ ನನ್ನ ನಿದ್ದೆ ಕೆಡಿಸಿದ್ದು ಈ ಓಟ.

ಸಾಧನ ಕೊಟ್ಟವನು ಚೆಕ್‌ಪೋಸ್ಟಿನ ಸುತ್ತ 200 ಮೀಟರ್ ತ್ರಿಜ್ಯದ ವೃತ್ತ ಎಳೆದು ಕೈತೊಳೆದುಕೊಂಡ. ಲಾರಿಯ ಸ್ಥಾನ ದಾಖಲಾಗುತ್ತಿದ್ದುದು ನಿಮಿಷಕ್ಕೊಮ್ಮೆ. ಗಂಟೆಗೆ 60 ಕಿ.ಮೀ. ವೇಗದ ಲಾರಿ ಒಂದು ನಿಮಿಷದಲ್ಲಿ ಒಂದು ಕಿಲೋಮೀಟರ್ ಸಾಗುತ್ತದೆ. ಆ ವೃತ್ತವನ್ನು ದಾಟಲು ಅದಕ್ಕೆ 24 ಸೆಕೆಂಡ್ ಸಾಕು. ಅರ್ಧಕ್ಕರ್ಧ ಲಾರಿಗಳು ಬೇಲಿಗೆ ಕಾಣಿಸಿಕೊಳ್ಳದೆಯೇ ದಾಟಿಬಿಡುತ್ತಿದ್ದವು. ಹತ್ತು ಸೆಕೆಂಡಿಗೆ ಇಳಿಸಿದ ಮೇಲೆ ಅದು ಸರಿಹೋಯಿತು, ಸಿಮ್ಮಿನ ಖರ್ಚು ಮಾತ್ರ ಏರಿತು. ಇನ್ನೊಂದು ತೊಡಕು ಇದಕ್ಕಿಂತ ಕೆಟ್ಟದ್ದು. ಕಾಡಿನಲ್ಲಿ ಕೂಡಿಟ್ಟ ದಾಖಲೆಗಳನ್ನು ಸಾಧನವು ನೆಟ್‌ವರ್ಕ್ ಸಿಕ್ಕ ಮೇಲೆ ಒಟ್ಟಿಗೇ ಕಳಿಸುತ್ತಿತ್ತು. ಸಾಫ್ಟ್‌ವೇರ್ ಉಪಗ್ರಹದ ಸಮಯವನ್ನು ಬಿಟ್ಟು ಸರ್ವರಿಗೆ ತಲುಪಿದ ಸಮಯವನ್ನೇ ಹಿಡಿಯುತ್ತಿತ್ತು. 8.40ಕ್ಕೆ ಗೇಟು ದಾಟಿದವನ ಮೇಲೆ 9.20ರ ಆರೋಪ ಬಂದಾಗ ಚಾಲಕ ಕೀಲಿಯನ್ನು ಮೇಜಿನ ಮೇಲಿಟ್ಟು ಎದ್ದು ಹೊರಟಿದ್ದ. ಅದನ್ನು ತಿದ್ದಿಸಲು ತಿಂಗಳುಗಟ್ಟಲೆ ಫೋನು ಮಾಡಬೇಕಾಯಿತು.

ಕೊನೆಗೆ ಗೆದ್ದದ್ದು ಬೇಲಿಗಳನ್ನು ಹಿಂದಕ್ಕೆ ಸರಿಸಿದ್ದರಿಂದ. ಮೈಸೂರಿನಿಂದ ಹೊರಟ ಲಾರಿ ಸಂಜೆ 7.45ರೊಳಗೆ, ಗುಂಡ್ಲುಪೇಟೆಗೂ ಮೊದಲು ಸಿಗುವ ಬೇಗೂರನ್ನು ದಾಟಿರದಿದ್ದರೆ ನನಗೂ ಚಾಲಕನಿಗೂ ಕರೆ ಬರುತ್ತದೆ. ಅಂದು ಓಡುವಂತಿಲ್ಲ, ಗುಂಡ್ಲುಪೇಟೆಯಲ್ಲೇ ತಂಗಬೇಕು, ತಂಗಿದ್ದಕ್ಕೆ ಚಾಲಕನಿಗೆ ಹಣ ಖಚಿತ. ಅದನ್ನು ಲೆಕ್ಕ ಹಾಕುವ ಸೂತ್ರವನ್ನು ಮಾತ್ರ ಇಲ್ಲಿ ಬಿಚ್ಚಿಡುವುದಿಲ್ಲ, ಪೈಪೋಟಿಯವರೂ ಓದುತ್ತಾರೆ. ಬೇಗೂರಿಗಿಂತಲೂ ಹೆಚ್ಚು ಫಲ ಕೊಟ್ಟದ್ದು ಮಂಡಿಯ ಲೋಡಿಂಗ್ ಜಾಗಕ್ಕೆ ಅದರ ಅಂಚನ್ನೇ ಅನುಸರಿಸಿ ಎಳೆದ ಬಹುಭುಜ. ತಡವಾಗುತ್ತಿದ್ದುದು ರಸ್ತೆಯಲ್ಲಲ್ಲ, ಅಲ್ಲಿ. ಎರಡು ಗಂಟೆಗಿಂತ ಹೆಚ್ಚು ನಿಂತ ಲಾರಿಗಳ ಪಟ್ಟಿಯನ್ನು ವ್ಯಾಪಾರಿಗಳ ಮುಂದಿಟ್ಟು ಕಾಯುವ ಬಾಡಿಗೆ ಕೇಳಿದೆ. ಮೊದಲು ಗದರಿದರು, ಆಮೇಲೆ ಹಮಾಲಿಗಳನ್ನು ಹೆಚ್ಚಿಸಿದರು. ಲಾರಿಯೊಂದಕ್ಕೆ ವರ್ಷಕ್ಕೆ ಏಳೆಂಟು ಸಾವಿರ ಖರ್ಚು ಬಿದ್ದಿರಬಹುದು. ನಾಲ್ಕು ತಿಂಗಳಲ್ಲಿ ಅದು ಹುಟ್ಟಿತು. ಎಂಟರಿಂದ ಒಂಬತ್ತರ ನಡುವಿನ ವೇಗದ ಅಲರ್ಟುಗಳು ಈಗ ವಾರಕ್ಕೆ ಒಂದೆರಡು ಬಂದರೆ ಹೆಚ್ಚು.

ಬೇಲಿ ಮೀರಿದರೆ ಎಂಜಿನ್ ತಾನಾಗಿ ನಿಲ್ಲುವ ಸೌಲಭ್ಯವನ್ನೂ ಮಾರಲು ಬಂದಿದ್ದರು. ಸ್ಟಿಯರಿಂಗ್ ಬಿಗಿಯಾಗಿ, ಬ್ರೇಕಿಗೆ ಗಾಳಿ ತುಂಬುವುದು ನಿಂತ ಲೋಡ್ ಲಾರಿಯನ್ನು ಇಳಿಜಾರಿನಲ್ಲಿ ಹಿಡಿಯುವವರು ಯಾರು? ಬಾಗಿಲಿನಿಂದಲೇ ಕಳಿಸಿದೆ.

ವಯನಾಡಿನಿಂದ ಕಲ್ಲಿಕೋಟೆಯತ್ತ ಇಳಿಯುವ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಿಗೂ ಒಂದೊಂದು ಬೇಲಿ ಹಾಕಿ ನೋಡಿದ್ದುಂಟು. ಅಲ್ಲಿ ಮೇಲಿನ ರಸ್ತೆಯೂ ಕೆಳಗಿನ ರಸ್ತೆಯೂ ನಕ್ಷೆಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಜಿಪಿಎಸ್ ಸ್ವಲ್ಪ ಅತ್ತಿತ್ತ ಸರಿದರೂ ಲಾರಿ ಇನ್ನೂ ಮುಟ್ಟದ ತಿರುವಿನ ಅಲರ್ಟ್ ಬರುತ್ತದೆ. ಅವನ್ನೆಲ್ಲ ತೆಗೆದು ಮೇಲೆ ಲಕ್ಕಿಡಿಗೊಂದು, ಕೆಳಗೆ ಅಡಿವಾರಕ್ಕೊಂದು ಮಾತ್ರ ಇಟ್ಟಿದ್ದೇನೆ. ಲೋಡ್ ಹೊತ್ತ ಲಾರಿ ಇವೆರಡರ ನಡುವೆ ತೀರಾ ಬೇಗ ಇಳಿದಿದ್ದರೆ, ಗೇರ್ ಬಿಟ್ಟು ಇಳಿಸಿದನೇ ಎಂದು ಮರುದಿನ ಚಾಲಕನನ್ನು ಕರೆದು ಕೇಳುತ್ತೇನೆ.