ಎರೆ ಹೊಲದ ಮಣ್ಣು: ತಗ್ಗು ತೋಡಿ ನೋಡುವುದರಿಂದ ಚೌಕು ಮಡಿ ಹಾಕುವವರೆಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂದ ಕೂಡಲೇ ಎರೆ (ಕಪ್ಪು ಜೇಡಿ) ಭೂಮಿ ಕಣ್ಣಿಗೆ ಬರುತ್ತದೆ. ಆದರೆ ಖಾನಾಪುರದ ಜಂಬಿಟ್ಟಿಗೆ ಮಣ್ಣಿಗೆ ಹುಳಿ ಗುಣ, ಬಾದಾಮಿ ಸುತ್ತಿನ ಮರಳುಗಲ್ಲಿನ ಮಸಾರಿ (ಕೆಂಪು ಮಣ್ಣು) ನೀರು ಹಿಡಿಯದು, ಡೋಣಿ ನದಿ ಸಾಲಿನ ಎರೆ ಹಿಡಿದ ನೀರು ಬಿಡದು. ಒಂದೇ ಸರ್ವೆ ನಂಬರಿನಲ್ಲಿ ದಿಬ್ಬದ ಮೇಲೆ ಗರಸು (ಸಣ್ಣ ಕಲ್ಲಿನ ಗಟ್ಟಿ ಮಣ್ಣು), ಕೆಳಗೆ ಆಳೆತ್ತರ ಎರೆ ಇರುವುದೂ ಉಂಟು. ಇಷ್ಟಾದರೂ ಎಲ್ಲದಕ್ಕೂ ಅದೇ ಗೊಬ್ಬರದ ಚೀಲ, ಅದೇ ಪ್ರಮಾಣ ಬೀಳುತ್ತದೆ. ನಮ್ಮ ಭಾಗದಲ್ಲಿ ಬೆಳೆ ಕೈಕೊಡುವುದು ಬಹಳ ಸಲ ಗೊಬ್ಬರ ಸಾಲದೆ ಅಲ್ಲ, ನೀರಿನ ಲೆಕ್ಕ ತಪ್ಪಿ. ಒಣಬೇಸಾಯದಲ್ಲಿ ಮಳೆನೀರು ಒಳಗೆ ಇಳಿಯುವುದಿಲ್ಲ, ಕಾಲುವೆ ಹೊಲದಲ್ಲಿ ಇಳಿದ ನೀರು ಹೊರಗೆ ಹೋಗುವುದಿಲ್ಲ. ಆದ್ದರಿಂದ ಮೊದಲು ಆಳ, ಆಮೇಲೆ ನೀರು, ಕೊನೆಗೆ ಗೊಬ್ಬರ.

ಮೊದಲ ಕೆಲಸ: ಒಂದು ತಗ್ಗು

ಬೇಸಿಗೆಯಲ್ಲಿ, ಹೊಲ ಖಾಲಿ ಇದ್ದಾಗ, ಎರಡು ಅಡಿ ಅಗಲ, ಮೂರೂವರೆ ಅಡಿ ಆಳದ ತಗ್ಗು ತೋಡಿ. ಹೊಲದ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಇದ್ದರೆ ಸಾಕು. ಒಂದು ಗೋಡೆಯನ್ನು ಸಲಿಕೆಯಿಂದ ನೇರವಾಗಿ ಕೆತ್ತಿ, ಬಿಸಿಲು ಬೀಳುವ ಹೊತ್ತಿನಲ್ಲಿ ನೋಡಿ. ಗರಸು ಎಷ್ಟು ಆಳದಲ್ಲಿ ಸಿಕ್ಕಿತು, ಬೇರು ಎಲ್ಲಿಯವರೆಗೆ ಇಳಿದಿವೆ, ಬಿಳಿ ಸುಣ್ಣದ ಹರಳು ಎಲ್ಲಿಂದ ಶುರುವಾಗಿವೆ, ರಂಟೆ ಓಡುವ ಆಳದ ಕೆಳಗೆ ಗಟ್ಟಿ ಪದರ ಇದೆಯೇ? ಬೇರು ನೆಟ್ಟಗೆ ಇಳಿಯದೆ ಆರೇಳು ಇಂಚಿನಲ್ಲಿ ಅಡ್ಡ ತಿರುಗಿದ್ದರೆ ಅಲ್ಲಿ ಟ್ರ್ಯಾಕ್ಟರ್ ತುಳಿದು ಕೂತ ಪದರ ಇದೆ ಎಂದೇ ಲೆಕ್ಕ.

ಆಳಕ್ಕೆ ಏಕೆ ಇಷ್ಟು ಬೆಲೆ ಎಂದರೆ, ಒಳ್ಳೆಯ ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂತೆ ಸುಮಾರು 150ರಿಂದ 200 ಮಿ.ಮೀ. ನೀರು ಇಟ್ಟುಕೊಳ್ಳುತ್ತದೆ. ಮರಳು ಮಸಾರಿಯಲ್ಲಿ ಅದರ ಅರ್ಧವೂ ಕಷ್ಟ. ಹಿಂಗಾರಿ ಬಿಳಿಜೋಳ ಮಳೆ ನಿಂತ ಮೇಲೆ ಬಿತ್ತುವ ಬೆಳೆ, ಈ ಕೂಡಿಟ್ಟ ನೀರಿನ ಮೇಲೆಯೇ ತೆನೆಗೆ ಬರಬೇಕು. ಒಂದೂವರೆ ಅಡಿಗೇ ಗರಸು ಸಿಗುವ ಹೊಲದಲ್ಲಿ ಹಿಂಗಾರಿ ಜೋಳ, ಕಡಲೆ ಎನ್ನುವುದು ಜೂಜು. ಅಲ್ಲಿ ಮುಂಗಾರಿಗೆ ಹೆಸರು, ಸಜ್ಜೆಯಂಥ ಬೇಗ ಮುಗಿಯುವ ಬೆಳೆ ಲೇಸು. ಮೂರು ಅಡಿ ದಾಟಿದ ಎರೆಯಲ್ಲಿ ಜೋಳ, ಕಡಲೆ, ಕುಸುಬೆ ಧೈರ್ಯವಾಗಿ ಬಿತ್ತಬಹುದು.

ಕೈಯಲ್ಲಿ, ಗ್ಲಾಸಿನಲ್ಲಿ ಪರೀಕ್ಷೆ

ಒಂದು ಹಿಡಿ ಮಣ್ಣಿನಿಂದ ಕಲ್ಲು, ಕಸ ತೆಗೆದು, ಹನಿ ಹನಿ ನೀರು ಹಾಕಿ ಹಿಟ್ಟಿನ ಹದಕ್ಕೆ ನಾದಿ. ಎರೆಯ ಸಣ್ಣ ಹೆಂಟೆಗಳು ಬೇಗ ಕರಗುವುದಿಲ್ಲ, ಮೂರ್ನಾಲ್ಕು ನಿಮಿಷ ಬಿಡದೆ ನಾದಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತುತ್ತ ಪಟ್ಟಿ ಎಳೆಯಿರಿ. ಪಟ್ಟಿ ಆಗದೆ ಉದುರಿದರೆ ಮರಳು ಹೆಚ್ಚು. ಒಂದರಿಂದ ಎರಡು ಇಂಚು ಬಂದು ಮುರಿದರೆ ನಡುವಿನ ಮಣ್ಣು. ಎರಡು ಇಂಚು ದಾಟಿ ಹೊಳಪಿನ ಪಟ್ಟಿ ಜೋತಾಡಿದರೆ ಜೇಡಿ ಮಣ್ಣು. ಬಾಟಲಿಯಲ್ಲಿ ನೀರು ಹಾಕಿ ಕಲಕಿ ಪದರ ಅಳೆಯುವ ವಿಧಾನವೂ ಇದೆ, ಆದರೆ ಎರೆ ಮಣ್ಣಿಗೆ ಅದನ್ನು ಅಷ್ಟು ನೆಚ್ಚಬೇಡಿ: ಜೇಡಿ ಉಬ್ಬಿ ಇದ್ದುದಕ್ಕಿಂತ ದಪ್ಪ ಪದರ ತೋರಿಸುತ್ತದೆ, ಮಣ್ಣಿನಲ್ಲಿ ಉಪ್ಪಿದ್ದರೆ ಅರ್ಧ ಗಂಟೆಯಲ್ಲೇ ನೀರು ತಿಳಿಯಾಗಿ ಮೋಸ ಮಾಡುತ್ತದೆ.

ಇದಕ್ಕಿಂತ ಕೆಲಸಕ್ಕೆ ಬರುವುದು ಹೆಂಟೆ ಪರೀಕ್ಷೆ. ಕಡಲೆ ಕಾಳಿನಷ್ಟು ದೊಡ್ಡ, ಚೆನ್ನಾಗಿ ಒಣಗಿದ ಮೂರು ಹೆಂಟೆಗಳನ್ನು ಗಾಜಿನ ಗ್ಲಾಸಿನಲ್ಲಿ ಒಂದೊಂದಾಗಿ ಮೆಲ್ಲಗೆ ಬಿಡಿ. ನೀರು ಮಳೆಯದ್ದು ಇಲ್ಲವೇ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಆಗಿರಬೇಕು. ಬೋರಿನ ನೀರಿನಲ್ಲಿ ಉಪ್ಪು ಇರುವುದರಿಂದ ರೋಗ ಮುಚ್ಚಿಹೋಗುತ್ತದೆ. ಅಲುಗಾಡಿಸಬೇಡಿ. ಹತ್ತು ನಿಮಿಷಕ್ಕೆ ಒಮ್ಮೆ, ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಹೆಂಟೆ ಗಟ್ಟಿಯಾಗಿ ನಿಂತರೆ ಮಣ್ಣಿನ ಕಟ್ಟು ಚೆನ್ನಾಗಿದೆ. ಪುಡಿಪುಡಿಯಾಗಿ ಕುಸಿದು, ಮೇಲಿನ ನೀರು ತಿಳಿಯಾಗೇ ಉಳಿದರೆ ಸಾವಯವ ಅಂಶ ಕಡಿಮೆ, ತಿಪ್ಪೆ ಗೊಬ್ಬರ ಬೇಡುತ್ತಿದೆ. ಹೆಂಟೆಯ ಸುತ್ತ ಹಾಲಿನಂಥ ಮೋಡ ಎದ್ದು ನೀರೆಲ್ಲ ಬಗ್ಗಡವಾದರೆ ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದೆ. ಮಳೆ ಬಿದ್ದಾಗ ಇದೇ ಬಗ್ಗಡ ಮಣ್ಣಿನ ರಂಧ್ರಗಳನ್ನು ಮುಚ್ಚಿ, ಒಣಗಿದ ಮೇಲೆ ಹೆಪ್ಪುಗಟ್ಟುತ್ತದೆ. ಮೊಳಕೆ ಮೇಲೆ ಬರುವುದಿಲ್ಲ.

ಸುಣ್ಣ ಇದೆಯೇ ಎಂದು ತಿಳಿಯಲು ಒಣ ಮಣ್ಣಿನ ಮೇಲೆ ಎರಡು ಹನಿ ವಿನೆಗರ್ ಬಿಟ್ಟರೂ ಆದೀತು. ಬುರುಬುರು ನೊರೆ ಬಂದರೆ ಸುಣ್ಣದ ಮಣ್ಣು. ಅಂಥಲ್ಲಿ ರಂಜಕ, ಸತು, ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಕಬ್ಬು, ಶೇಂಗಾ, ದ್ರಾಕ್ಷಿಯ ಎಳೆ ಎಲೆಯಲ್ಲಿ ನರ ಹಸಿರಾಗಿ ನಡುವೆ ಹಳದಿಯಾದರೆ ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಸುರಿಯುವವರೇ ಹೆಚ್ಚು, ಹಣ ಹೋಗುತ್ತದೆ, ಹಳದಿ ಹೋಗುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಕಬ್ಬಿಣದ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹತ್ತು ಹದಿನೈದು ದಿನಕ್ಕೆ ಮತ್ತೊಮ್ಮೆ. ಮಣ್ಣಿಗೇ ಹಾಕುವುದಾದರೆ ತಿಪ್ಪೆ ಗೊಬ್ಬರದೊಂದಿಗೆ ಕಲಸಿ ಹಾಕಿ.

ನೀರು ಎಷ್ಟು ಬೇಗ ಇಳಿಯುತ್ತದೆ

ಆರು ಇಂಚು ವ್ಯಾಸದ ಪಿವಿಸಿ ಪೈಪಿನ ಅರ್ಧ ಅಡಿ ತುಂಡು ತಗೊಂಡು ಮೂರು ಇಂಚು ಮಣ್ಣಿಗೆ ಹೊಡೆಯಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ 450 ಮಿ.ಲೀ. ನೀರು ಸುರಿದು, ಹಾಳೆಯನ್ನು ಮೆಲ್ಲಗೆ ಎಳೆದು ಗಡಿಯಾರ ನೋಡಿ. ಅಷ್ಟು ನೀರು ಒಂದು ಇಂಚು ಮಳೆಗೆ ಸಮ. ಮೊದಲ ಇಂಚು ಲೆಕ್ಕಕ್ಕಿಲ್ಲ, ಒಣ ಮಣ್ಣು ಕುಡಿದುಬಿಡುತ್ತದೆ. ಎರಡನೆಯ ಇಂಚು ಇಳಿಯಲು ಹಿಡಿದ ಹೊತ್ತೇ ನಿಜವಾದ ಅಳತೆ. ಬಿರುಕಿನ ಮೇಲೆ ಪೈಪ್ ಕೂರಿಸಿದರೆ ನೀರು ಕ್ಷಣದಲ್ಲಿ ಮಾಯವಾಗುತ್ತದೆ, ಆ ಅಳತೆ ಹಿಡಿಯಬೇಡಿ. ಒಂದು ಇಂಚಿಗೆ ಎರಡು ಗಂಟೆ ದಾಟಿದರೆ, ದೊಡ್ಡ ಮಳೆಯ ಬಹುಪಾಲು ಹಳ್ಳದ ಪಾಲೇ.

ಹದ ತಪ್ಪಿ ಹೂಡುವುದೂ ನೀರಿನ ದಾರಿ ಮುಚ್ಚುತ್ತದೆ. ನಾಲ್ಕು ಇಂಚು ಆಳದ ಮಣ್ಣು ಹಿಡಿದು ಉಂಡೆ ಕಟ್ಟಿ, ಸೊಂಟದ ಎತ್ತರದಿಂದ ಬಿಡಿ. ಒಡೆದು ಚೂರಾದರೆ ಹದ ಬಂದಿದೆ. ಹಪ್ಪಳದಂತೆ ಚಪ್ಪಟೆಯಾದರೆ ಟ್ರ್ಯಾಕ್ಟರ್ ಮನೆಯಲ್ಲೇ ಇರಲಿ. ಬಾಡಿಗೆ ಟ್ರ್ಯಾಕ್ಟರ್ ಇವತ್ತೇ ಸಿಕ್ಕಿತು ಎಂದು ಹಸಿ ಎರೆಗೆ ಇಳಿಸಿದವರು ಮೇಲೆ ಹೆಂಟೆ, ಕೆಳಗೆ ಗಟ್ಟಿ ಪದರ ಎರಡನ್ನೂ ಮಾಡಿಕೊಳ್ಳುತ್ತಾರೆ.

ಚೌಕು ಮಡಿ

ವಿಜಯಪುರದ ಕಡೆ ವರ್ಷದ ಮಳೆ ಸುಮಾರು 600 ಮಿ.ಮೀ., ಅದರಲ್ಲಿ ಜೋರಿನ ಮಳೆ ಸೆಪ್ಟೆಂಬರಿನಲ್ಲಿ. ಒಂದು ಎಕರೆ ಮೇಲೆ ಒಂದು ಸೆಂ.ಮೀ. ಮಳೆ ಎಂದರೆ 40,000 ಲೀಟರ್ ನೀರು. ಅದು ಹರಿದು ಹೋಗುವಾಗ ಒಬ್ಬಂಟಿಯಾಗಿ ಹೋಗುವುದಿಲ್ಲ. ಒಂದು ಎಕರೆಯಿಂದ ಒಂದೇ ಮಿ.ಮೀ. ಮೇಲ್ಮಣ್ಣು ತೊಳೆದರೆ ಸುಮಾರು 5 ಟನ್ ಮಣ್ಣು ಕಳೆದ ಹಾಗೆ.

ಮುಂಗಾರಿಗೆ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತುವ ಎರೆ ಹೊಲಕ್ಕೆ ಚೌಕು ಮಡಿಯಷ್ಟು, ಅಂದರೆ ಸಣ್ಣ ಬದುಗಳಿಂದ ಹೊಲವನ್ನು ಚೌಕಗಳಾಗಿ ಕಟ್ಟಿ ಮಳೆನೀರು ನಿಲ್ಲಿಸುವಷ್ಟು, ಅಗ್ಗದ ಉಪಾಯ ಇನ್ನೊಂದಿಲ್ಲ. ಜೂನ್‌ನಲ್ಲಿ ಮೊದಲ ಮಳೆಗೆ ಹದ ಬಂದಾಗ ಒಮ್ಮೆ ಹರಗಿ ಕಸ ತೆಗೆಯಿರಿ. ಬಂಡ್ ಫಾರ್ಮರ್ (ಬದು ಏರಿಸುವ ಸಾಧನ) ಕಟ್ಟಿ ಮೊದಲು ಇಳಿಜಾರಿನ ಗುಂಟ, ಆಮೇಲೆ ಇಳಿಜಾರಿಗೆ ಅಡ್ಡ ಎಳೆಯಿರಿ. ಅಡ್ಡ ಬದು ಕೊನೆಗೆ ಬಂದರೆ ನೀರು ತಡೆಯುವ ಬದು ಇಡಿಯಾಗಿ ಉಳಿಯುತ್ತದೆ. ನೆಲ ಬಹುಪಾಲು ಸಮ ಇದ್ದರೆ 4.5 ಮೀಟರ್ ಚೌಕ, ಇಳಿಜಾರು ನೂರು ಅಡಿಗೆ ಒಂದೂವರೆ ಅಡಿಯ ಹತ್ತಿರ ಬಂದರೆ 3 ಮೀಟರ್ ಚೌಕ. ಬದು ಅರ್ಧ ಅಡಿಯಿಂದ ಎಂಟು ಇಂಚು ಎತ್ತರ ಇರಲಿ.

ಎಲ್ಲ ಕೆಡುವುದು ಮೂಲೆಗಳಲ್ಲಿ. ಎರಡನೆಯ ಸಲ ಎಳೆದಾಗ ಮೊದಲಿನ ಬದು ದಾಟುವಲ್ಲಿ ಕಂಡಿ ಬೀಳುತ್ತದೆ. ಆಳು ಹಚ್ಚಿ ಸಲಿಕೆಯಿಂದ ಪ್ರತಿ ಮೂಲೆ ಮುಚ್ಚಲೇಬೇಕು. ಒಂದು ಕಂಡಿ ಬಿಟ್ಟರೆ ಮೇಲಿನ ಮಡಿಯ ನೀರು ಕೆಳಗಿನದಕ್ಕೆ ನುಗ್ಗಿ, ಅದು ಒಡೆದು, ಸಾಲು ಹಿಡಿದು ಕೆಳಗಿನವರೆಗೆ ಹರಿದು ಕೊರಕಲು ಬೀಳುತ್ತದೆ. ಮೊದಲ ದೊಡ್ಡ ಮಳೆಯ ಮರುದಿನ ಹೊಲ ಸುತ್ತಿ ಒಡೆದವನ್ನು ಕಟ್ಟಿ. ಜುಲೈ, ಆಗಸ್ಟ್‌ನಲ್ಲಿ ಎದ್ದ ಕಸವನ್ನು ಹಾಗೇ ಬಿಟ್ಟರೆ ಕೂಡಿಟ್ಟ ನೀರನ್ನು ಅದೇ ಕುಡಿಯುತ್ತದೆ. ಸೆಪ್ಟೆಂಬರ್ ಎರಡನೇ ಪಾಕ್ಷಿಕದಲ್ಲಿ ಕುಂಟೆ ಹೊಡೆದು ಮಡಿ ಸಮ ಮಾಡಿ, ಹಸಿ ಆರುವ ಮೊದಲೇ ಕೂರಿಗೆ ಹೂಡಿ. ಬಿತ್ತಿದ ಮೇಲೂ ಮೂರರಿಂದ ಎಂಟನೇ ವಾರದೊಳಗೆ ಮೂರು ಸಲ ಎಡೆ ಹೊಡೆದು ಬಿರುಕು ಮುಚ್ಚಿ. ಎರೆಯ ಬಿರುಕು ಆಳದ ಹಸಿಯನ್ನೂ ಗಾಳಿಗೆ ಕೊಡುತ್ತದೆ.

ಕಾಯಂ ಒಡ್ಡಿನ ಮಾತು ಬೇರೆ. ಸಮಪಾತಳಿ ಒಡ್ಡು ಬಾದಾಮಿ, ಹುನಗುಂದದ ಮಸಾರಿ ಹೊಲಕ್ಕೆ ಸರಿ. ಆಳವಾದ ಎರೆಯಲ್ಲಿ ಅದು ಬೇಸಿಗೆಗೆ ಬಿರಿದು ಮಳೆಗಾಲಕ್ಕೆ ಒಡೆಯುತ್ತದೆ, ಒಡೆಯದಿದ್ದರೆ ನೀರು ವಾರಗಟ್ಟಲೆ ನಿಂತು ಬೆಳೆ ಕೊಳೆಯುತ್ತದೆ. ಅಲ್ಲಿ ನೂರು ಮೀಟರಿಗೆ 20ರಿಂದ 30 ಸೆಂ.ಮೀ. ಇಳಿಜಾರು ಕೊಟ್ಟ ಒಡ್ಡು ಹಾಕಿ, ಹೆಚ್ಚಿನ ನೀರು ಕಲ್ಲು ಕಟ್ಟಿದ ಕೋಡಿಯ ಮೂಲಕ ಹುಲ್ಲು ಬೆಳೆದ ಕಾಲುವೆಗೆ ಇಲ್ಲವೇ ಕೃಷಿ ಹೊಂಡಕ್ಕೆ ಹೋಗುವಂತೆ ಮಾಡಿ. ಒಡ್ಡಿನ ಮೇಲೆ ಗ್ಲಿರಿಸಿಡಿಯಾ ಹಚ್ಚಿದರೆ ಮಣ್ಣೂ ನಿಲ್ಲುತ್ತದೆ, ಸೊಪ್ಪೂ ಸಿಗುತ್ತದೆ. ಇದ್ಯಾವುದೂ ಆಗದಿದ್ದರೆ ಇಳಿಜಾರಿಗೆ ಅಡ್ಡ ಬಿತ್ತುವುದಾದರೂ ಆಗಲಿ. ಉದ್ದುದ್ದ ಪಟ್ಟಿ ಹೊಲದಲ್ಲಿ ತಿರುವು ಹೆಚ್ಚುತ್ತದೆ ಎಂದು ಇಳಿಜಾರಿನ ಗುಂಟ ಕೂರಿಗೆ ಹೊಡೆದರೆ ಪ್ರತಿ ಸಾಲೂ ಒಂದು ಸಣ್ಣ ಕಾಲುವೆ.

ಸವಳು, ಜವಳು, ಕ್ಷಾರ

ರಾಯಬಾಗ, ಅಥಣಿ, ಜಮಖಂಡಿ, ಮುಧೋಳದ ಕಬ್ಬಿನ ಹೊಲಗಳಲ್ಲಿ ತೊಂದರೆ ತಿರುಗುಮುರುಗು. ಹರಿ ನೀರು ಅತಿಯಾಗಿ, ನೆಲದೊಳಗಿನ ನೀರು ಮೇಲೆ ಬಂದು (ಇದೇ ಜವಳು), ಬಿಸಿಲಿಗೆ ಆರಿ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಬಿಳಿ ಪುಡಿ ಕಂಡು, ರಸಸಾರ (ಪಿ.ಎಚ್.) 8.5ರ ಒಳಗಿದ್ದರೆ ಸವಳು. ರಸಸಾರ 8.5 ದಾಟಿ, ಮಣ್ಣು ಒದ್ದೆ ಇದ್ದಾಗ ಅಂಟಂಟು, ಒಣಗಿದರೆ ಕಲ್ಲು, ಹೆಂಟೆ ಪರೀಕ್ಷೆಯಲ್ಲಿ ಹಾಲು ಬಗ್ಗಡ ಎಂದರೆ ಕ್ಷಾರ. ಜಿಪ್ಸಮ್ ಬೇಕಾಗುವುದು ಕ್ಷಾರಕ್ಕೆ. ಬರಿ ಸವಳಿಗೆ ಜಿಪ್ಸಮ್ ಹಾಕಿದರೆ ಉಪ್ಪಿಗೆ ಉಪ್ಪು ಸೇರಿಸಿದಂತೆ, ಅದಕ್ಕೆ ಬೇಕಿರುವುದು ಬಸಿಗಾಲುವೆ (ನೆಲದೊಳಗಿನ ಹೆಚ್ಚಿನ ನೀರು ಹೊರಹಾಕುವ ಕಾಲುವೆ), ಒಳ್ಳೆಯ ನೀರು.

ಜಿಪ್ಸಮ್ ಪ್ರಮಾಣ ಪ್ರಯೋಗಾಲಯದಿಂದ ಬರೆಸಿಕೊಳ್ಳಿ, ಪಕ್ಕದ ಹೊಲದವರ ಲೆಕ್ಕ ಬೇಡ. ಬಸಿಗಾಲುವೆ ಮೊದಲು, ಜಿಪ್ಸಮ್ ಆಮೇಲೆ. ಮೂರೂವರೆ ನಾಲ್ಕು ಅಡಿ ಆಳ, ಹೊರಗೆ ಹಳ್ಳಕ್ಕೆ ದಾರಿ ಇರಬೇಕು. ದಾರಿ ಇಲ್ಲದ ಕಾಲುವೆ ಬರಿ ಗುಂಡಿ. ತೂತಿನ ಪೈಪ್ ಹೂಳುವುದಾದರೆ ಸುತ್ತ ಫಿಲ್ಟರ್ ಬಟ್ಟೆ ಇರಲೇಬೇಕು, ಇಲ್ಲದಿದ್ದರೆ ರೇವೆ ತುಂಬಿ ಪೈಪ್ ಮುಚ್ಚಿಹೋಗುತ್ತದೆ. ಪುಡಿ ಜಿಪ್ಸಮ್ ಹರಡಿ, ಮೇಲಿನ ನಾಲ್ಕು ಇಂಚಿನಲ್ಲಿ ಕಲಸಿ, ಮಡಿ ಕಟ್ಟಿ ನೀರು ನಿಲ್ಲಿಸಿ ಬಸಿಯಬಿಡಿ. ನಂತರ ಎಕರೆಗೆ 20ರಿಂದ 25 ಕಿಲೋ ಡಯಂಚ (ಹಸಿರೆಲೆ ಗೊಬ್ಬರದ ಬೆಳೆ) ಬಿತ್ತಿ, 45 ದಿನಕ್ಕೆ ಹೂ ಬರುವ ಮುಂಚೆ ಮಣ್ಣಿಗೆ ಸೇರಿಸಿ. ಬೋರಿನ ನೀರನ್ನೂ ಪರೀಕ್ಷಿಸಿ: ಉಳಿಕೆ ಸೋಡಿಯಂ ಕಾರ್ಬೊನೇಟ್ ಲೀಟರಿಗೆ 2.5 ಮಿಲಿ ಈಕ್ವಿವಲೆಂಟ್ ದಾಟಿದ್ದರೆ ಆ ನೀರೇ ಹೊಲವನ್ನು ಕ್ಷಾರ ಮಾಡುತ್ತಿದೆ.

ಮಾದರಿ ತೆಗೆಯುವುದು, ಚೀಟಿ ಓದುವುದು

ಮೇಲೆ ಹೇಳಿದ್ದೆಲ್ಲ ಗೊತ್ತಾದ ಮೇಲೆಯೇ ಪ್ರಯೋಗಾಲಯದ ಚೀಟಿಗೆ ಅರ್ಥ. ಮೇಲ್ಭಾಗ, ಕೆಳಭಾಗದ ಮಣ್ಣು ಬೇರೆ ಕಂಡರೆ ಮಾದರಿಯೂ ಬೇರೆ. ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ‘ವಿ’ ಆಕಾರದ ಆರು ಇಂಚಿನ ತಗ್ಗು ತೆಗೆದು, ಗೋಡೆಯಿಂದ ಒಂದು ಇಂಚು ದಪ್ಪದ ಹೋಳು ಮೇಲಿಂದ ಕೆಳಗಿನವರೆಗೆ ಸಮ ಕೆತ್ತಿ. ಬದು, ಗಿಡದ ಬುಡ, ತಿಪ್ಪೆ ಜಾಗ ಬಿಡಿ. ಪ್ಲಾಸ್ಟಿಕ್ ಬಕೆಟ್ ಬಳಸಿ. ತಗಡಿನ ಬಕೆಟ್ಟಿನ ಸತು ಮಾದರಿಗೆ ಸೇರುತ್ತದೆ, ಗೊಬ್ಬರದ ಚೀಲವಂತೂ ಬೇಡವೇ ಬೇಡ. ನೆರಳಲ್ಲಿ ಒಣಗಿಸಿ, ಹೆಂಟೆ ಒಡೆದು, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡನ್ನು ಇಟ್ಟುಕೊಂಡು, ಹೀಗೇ ಮಾಡುತ್ತ ಅರ್ಧ ಕಿಲೋ ಉಳಿಸಿ. ದ್ರಾಕ್ಷಿ, ದಾಳಿಂಬೆ ಹಚ್ಚುವುದಾದರೆ ಒಂದೊಂದು ಅಡಿಗೆ ಬೇರೆ ಬೇರೆ, ಮೂರು ಅಡಿಯವರೆಗೆ. ಕೃಷಿ ವಿಜ್ಞಾನ ಕೇಂದ್ರಕ್ಕೋ ರೈತ ಸಂಪರ್ಕ ಕೇಂದ್ರದ ಮೂಲಕವೋ ಕೊಡಿ.

ಚೀಟಿಯಲ್ಲಿ ಸಾವಯವ ಇಂಗಾಲ 0.5ಕ್ಕಿಂತ ಕಡಿಮೆ ಎಂದರೆ ಕೊರತೆ, 0.75 ದಾಟಿದರೆ ಉತ್ತಮ. ಇ.ಸಿ. (ಉಪ್ಪಿನ ಅಂಶ ತೋರಿಸುವ ಅಂಕಿ) ನೋಡುವಾಗ ಎಚ್ಚರ: ಸವಳಿಗೆ ಪುಸ್ತಕದಲ್ಲಿ ಬರುವ 4 ಎಂಬ ಮಿತಿ ನೀರು ತುಂಬಿದ ಮಣ್ಣಿನ ಸಾರದ್ದು, ಚೀಟಿಯ ಅಂಕಿ ಸಾಮಾನ್ಯವಾಗಿ ಹೆಚ್ಚು ನೀರಲ್ಲಿ ಕಲಕಿ ತೆಗೆದದ್ದು. ಅದು 1 ದಾಟಿದರೇ ಜಾಗೃತರಾಗಿ. ಎರೆಯಲ್ಲಿ ಪೊಟ್ಯಾಷ್ ಬಹುತೇಕ ಸಾಕಷ್ಟಿರುತ್ತದೆ, ಹೆಕ್ಟೇರಿಗೆ 336 ಕಿಲೋ ದಾಟಿದ್ದರೆ ಒಣಬೇಸಾಯದ ಜೋಳಕ್ಕೆ ಆ ಖರ್ಚು ಉಳಿಸಬಹುದು. ಸತು 0.6 ಪಿಪಿಎಂ ಒಳಗಿದ್ದರೆ ಎಕರೆಗೆ 10 ಕಿಲೋ ಸತುವಿನ ಸಲ್ಫೇಟ್ ಹಾಕಿ, ಡಿಎಪಿ ಜೊತೆ ಬೆರೆಸಬೇಡಿ, ಎರಡೂ ಕಟ್ಟಿಕೊಂಡು ಬೆಳೆಗೆ ಸಿಗುವುದಿಲ್ಲ. ಖಾನಾಪುರದ ಕಡೆ ರಸಸಾರ 5.5ರ ಕೆಳಗಿದ್ದರೆ ಬೇಕಾದದ್ದು ಕೃಷಿ ಸುಣ್ಣ, ಬಿತ್ತನೆಗೆ ಮೂರು ನಾಲ್ಕು ವಾರ ಮೊದಲು.

ಸಾವಯವ ಇಂಗಾಲ ಏರಿಸಲು ಕಬ್ಬಿನ ಸೀಮೆಯಲ್ಲಿ ರವದಿಗಿಂತ (ಕಬ್ಬಿನ ಒಣ ಎಲೆ) ಹತ್ತಿರದ ಸರಕಿಲ್ಲ. ಕೂಳೆಗೆ (ಕಡಿದ ಬುಡದಿಂದ ಚಿಗುರುವ ಕಬ್ಬಿಗೆ) ಅಡ್ಡಿ ಎಂದು ಬೆಂಕಿ ಇಟ್ಟರೆ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತವೆ. ಎಕರೆಗೆ ಸಿಗುವ ಮೂರು ನಾಲ್ಕು ಟನ್ ರವದಿಯನ್ನು ಸಾಲು ಬಿಟ್ಟು ಸಾಲಿಗೆ ಹರಡಿ. ಪ್ರತಿ ಟನ್ನಿಗೆ 8 ಕಿಲೋ ಯೂರಿಯಾ, 10 ಕಿಲೋ ಸೂಪರ್ ಫಾಸ್ಫೇಟ್, 1 ಕಿಲೋ ಕೊಳೆಸುವ ಜೀವಾಣು ಪುಡಿಯನ್ನು ಸಗಣಿ ನೀರಲ್ಲಿ ಕಲಸಿ ಎರಚಿ, ನೀರು ಹಾಯಿಸಿ. ಯೂರಿಯಾ ಬಿಟ್ಟರೆ ಕೊಳೆಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಕೂಳೆ ಒಂದೆರಡು ತಿಂಗಳು ಹಳದಿ ತಿರುಗುತ್ತದೆ.