ವಿಲಾಯತಿಯ ಕೋರ್ಟಿನಿಂದ ಮಂಡ್ಯದ ಅಜ್ಜಿಮನೆಗೆ: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಸರ್ಕಾರದ ಆರೈಕೆಯ ಪ್ರಕರಣಕ್ಕೆ ಸಿಕ್ಕ ಮಗುವನ್ನು ಇಲ್ಲಿನ ಅಜ್ಜಿ ತಾತನ ಬಳಿಗೆ ಕರೆತರುವ ಕೇಸ್‌ಗಳು ನನ್ನ ಬಳಿ ಬರುತ್ತವೆ. ಮೈಸೂರಿನಲ್ಲಿ ಇವನ್ನು ತರುವವರು ಮೊದಲು ಕೇಳುವುದು, "ಇಂಗ್ಲೆಂಡಿನ ಕೇಸನ್ನು ಇಲ್ಲಿಗೆ ವರ್ಗ ಮಾಡಿಸಿಕೊಡಿ" ಎಂದು. ವರ್ಗ ಆಗುವುದಿಲ್ಲ. 1996ರ ಹೇಗ್ ಒಪ್ಪಂದದ 8 ಮತ್ತು 9ನೇ ವಿಧಿಗಳಡಿ ಮಕ್ಕಳ ರಕ್ಷಣೆಯ ಪ್ರಕರಣ ಒಂದು ದೇಶದ ಕೋರ್ಟಿನಿಂದ ಇನ್ನೊಂದಕ್ಕೆ ಹೋಗಬಹುದು, ಆದರೆ ಎರಡೂ ದೇಶ ಒಪ್ಪಂದಕ್ಕೆ ಸೇರಿರಬೇಕು. ಬ್ರಿಟನ್ ಸೇರಿದೆ, ಭಾರತ ಸೇರಿಲ್ಲ. ವಿದೇಶದ ಡಿಕ್ರಿಯನ್ನು ಇಲ್ಲಿ ಜಾರಿ ಮಾಡಿಸುವ ಸಿಪಿಸಿ (ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆ) 44ಎ ಕಲಂ ತೋರಿಸುವವರಿದ್ದಾರೆ. ಅದು ಹಣದ ಡಿಕ್ರಿಗೆ, ಮಗುವಿಗಲ್ಲ. ಅಲ್ಲಿನ ಕಡತ ಮುಗಿಯುವ ಹೊತ್ತಿಗೆ ಇಲ್ಲಿನದು ಸಿದ್ಧವಿರಬೇಕು. ನಮ್ಮ ಕೈಲಾಗುವುದು ಅಷ್ಟೇ, ಅದನ್ನೇ ಗಟ್ಟಿಯಾಗಿ ಮಾಡಬೇಕು.

ಮಗುವನ್ನು ಸರ್ಕಾರದ ಆರೈಕೆಗೆ ಒಪ್ಪಿಸುವ ಪ್ರಕರಣ ಇಂಗ್ಲೆಂಡಿನಲ್ಲಿ 26 ವಾರದಲ್ಲಿ ಮುಗಿಯಬೇಕೆಂದು ಕಾನೂನಿದೆ. ಅಜ್ಜಿ ತಾತನ ಹೆಸರು 20ನೇ ವಾರದಲ್ಲಿ ಎದ್ದರೆ, ಅವರ ಮನೆ, ಆದಾಯ ನೋಡಿ ಬರೆಯುವ ಮನೆ ವರದಿಗೆ ಹೊತ್ತೇ ಸಿಗದು. ಮೊದಲ ವಾರದಲ್ಲೇ ಅಲ್ಲಿನ ವಕೀಲರ ಮೂಲಕ ಹೆಸರು ದಾಖಲಿಸಿ. ಮಗು ಭಾರತದ ಪ್ರಜೆಯಾದರೆ, 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 37ನೇ ವಿಧಿಯಂತೆ ಅಲ್ಲಿನ ಅಧಿಕಾರಿಗಳು ಭಾರತದ ಹೈಕಮಿಷನ್‌ಗೆ ತಿಳಿಸಿದ್ದಾರೆಯೇ ಎಂದು ಬರೆದು ಕೇಳಿ.

ಹೆಚ್ಚು ಎಡವುವುದು ಮನೆ ವರದಿಯಲ್ಲಿ. ಅಲ್ಲಿನ ಸಮಾಜ ಕಾರ್ಯಕರ್ತರು ಸಂಬಳದ ಚೀಟಿ ಕೇಳುತ್ತಾರೆ. ಕಬ್ಬು ಬೆಳೆಯುವವರ ಬಳಿ ಅದಿರುವುದಿಲ್ಲ. ಕಾರ್ಖಾನೆಯ ತೂಕದ ಚೀಟಿ, ಹಾಲು ಉತ್ಪಾದಕರ ಸಂಘದ ಪಾಸ್‌ಬುಕ್, ಹನ್ನೆರಡು ತಿಂಗಳ ಬ್ಯಾಂಕ್ ಲೆಕ್ಕ ಮೂರನ್ನೂ ಜೋಡಿಸಿ, ಕಬ್ಬಿನ ಹಣ ಕಟಾವಾದ ಮೇಲೆ ಒಟ್ಟಿಗೆ ಬರುತ್ತದೆ, ದಿನದ ಖರ್ಚು ಹಾಲಿನ ಹಣದಲ್ಲಿ ನಡೆಯುತ್ತದೆ ಎಂದು ಒಂದು ಪುಟ ವಿವರಣೆ ಬರೆಯುತ್ತೇನೆ. ಹೆಸರಿನ ತೊಡಕು ಇನ್ನೂ ದೊಡ್ಡದು. ಪಹಣಿಯಲ್ಲಿ ಅಜ್ಜಿಯ ಹೆಸರಿನ ಮುಂದೆ 'ಕೋಂ' ಎಂದು ತಾತನ ಹೆಸರು, ಆಧಾರ್‌ನಲ್ಲಿ ಬರೀ ಅಜ್ಜಿಯ ಹೆಸರು, ಮಗಳ ಪಾಸ್‌ಪೋರ್ಟಿನಲ್ಲಿ ಬೇರೆ ಸ್ಪೆಲಿಂಗ್. ಓದುವವರಿಗೆ ಇವರು ಮೂವರು ಹೆಂಗಸರು. 'ಕೋಂ' ಅಂದರೆ ಇಂಥವರ ಹೆಂಡತಿ ಎಂದು ಅನುವಾದದಲ್ಲೇ ಬಿಡಿಸಿ ಬರೆಯಿಸಿ, ಮೂರೂ ಒಬ್ಬರದೇ ಹೆಸರೆಂಬ ಅಫಿಡವಿಟ್ ಲಗತ್ತಿಸಿ.

ಅಲ್ಲಿನ ಆದೇಶದಲ್ಲಿ ಕಾರಣಗಳು ಇರಲೇಬೇಕು. ಒಪ್ಪಿಗೆಯ ಮೇಲೆ ಬರೆದ ಎರಡು ಸಾಲಿನ ಆದೇಶ, ವಿದೇಶದ ತೀರ್ಪನ್ನು ಇಲ್ಲಿ ಯಾವಾಗ ಒಪ್ಪಬೇಕಿಲ್ಲ ಎಂದು ಹೇಳುವ ಸಿಪಿಸಿ 13ನೇ ಕಲಮಿನ ಮುಂದೆ ನಿಲ್ಲುವುದು ಕಷ್ಟ. ಕಾರಣಗಳಿದ್ದರೂ ಅದು ಪರಿಗಣಿಸುವ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ಮುಖ್ಯ ಎಂದು ಸುಪ್ರೀಂ ಕೋರ್ಟ್ 2017ರ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ ಹೇಳಿದೆ. ಇಂಗ್ಲೆಂಡಿನ ಕೋರ್ಟಿನ ಕಾಗದಗಳು ಗೋಪ್ಯ. ಭಾರತದ ಕೋರ್ಟಿಗೆ ಸಲ್ಲಿಸಲು ಅನುಮತಿಯೂ ಆದೇಶದಲ್ಲೇ ಇರಬೇಕು. ಆಮೇಲೆ ದೃಢೀಕೃತ ಪ್ರತಿ, ಅಪೊಸ್ಟಿಲ್ (ಕಾಗದ ಅಸಲಿ ಎಂದು ಆ ದೇಶದ ಸರ್ಕಾರ ಹಾಕಿಕೊಡುವ ಮುದ್ರೆ).

ಇಲ್ಲಿ ಅಜ್ಜಿ ತಾತನನ್ನು ಪಾಲಕರಾಗಿ ನೇಮಿಸಲು ಅರ್ಜಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ. 9ನೇ ಕಲಂ ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಜಾಗದ ಕೋರ್ಟಿಗೇ ಅಧಿಕಾರ. ಮಗು ಮಂಡ್ಯದ ಹಳ್ಳಿಯಲ್ಲಿದ್ದರೆ ಮಂಡ್ಯದಲ್ಲೇ ಹಾಕಬೇಕು. ವಕೀಲರು ಮೈಸೂರಿನವರು ಎಂಬುದು ಕಾರಣವಾಗದು. ಪೇಚು ಇರುವುದೂ ಅಲ್ಲೇ: ಅಲ್ಲಿನ ಜಡ್ಜ್ ಮಗು ಹೊರಡುವ ಮೊದಲೇ ಇಲ್ಲಿನ ಪ್ರತಿರೂಪ ಆದೇಶ (ಅಲ್ಲಿನ ಆದೇಶದ ಷರತ್ತುಗಳನ್ನೇ ಇಲ್ಲಿನ ಕೋರ್ಟೂ ಬರೆದುಕೊಡುವುದು) ಕೇಳುತ್ತಾರೆ, ಇಲ್ಲಿ ಮಗು ಬಾರದೆ ಕೆಳ ಕೋರ್ಟಿಗೆ ಅಧಿಕಾರವಿಲ್ಲ. ಒಂದು ದಾರಿ ಹೈಕೋರ್ಟಿನ ರಿಟ್. ಇನ್ನೊಂದು, ಮಗು ಬಂದ ಇಷ್ಟು ದಿನದೊಳಗೆ ಅರ್ಜಿ ಹಾಕುತ್ತೇವೆಂದು ಅಜ್ಜಿ ತಾತ ಅಲ್ಲಿ ಮುಚ್ಚಳಿಕೆ ಕೊಡುವುದು. ಇದನ್ನು ಅಲ್ಲಿನ ವಕೀಲರಿಗೆ ಆರಂಭದಲ್ಲೇ ಬರೆದು ತಿಳಿಸಬೇಕು, ಕೊನೆಯ ವಿಚಾರಣೆಯ ದಿನವಲ್ಲ.

ಮಗುವಿನದು ಬ್ರಿಟಿಷ್ ಪಾಸ್‌ಪೋರ್ಟ್ ಆದರೆ ಒಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಕಾರ್ಡ್) ಅರ್ಜಿಗೆ ತಂದೆ ತಾಯಿ ಇಬ್ಬರ ಸಹಿಯನ್ನೂ ಕೇಳುತ್ತಾರೆ. ಅವರ ಬದಲು ಅಜ್ಜಿ ಸಹಿ ಹಾಕಬಹುದು ಎಂಬ ಸಾಲನ್ನು ಅಲ್ಲಿನ ಆದೇಶದಲ್ಲೇ ಬರೆಸಿ. ಅದು ಬಿಟ್ಟುಹೋದರೆ ಮಿಕ್ಕೆಲ್ಲ ಕಾಗದ ಸರಿಯಿದ್ದರೂ ಮಗು ವಿಮಾನ ಹತ್ತುವುದು ತಡವಾಗುತ್ತದೆ.